ಇನ್ನೊಂದೆರಡು ಸಾವಿರ

ಮೊನ್ನೆ ಭಾನುವಾರ ಮನೆಗೆ ನೆಂಟರು ಬಂದಿದ್ದರು. ಹೊರಗೆ ಮಳೆ, ಒಳಗೆ ಕಾಫಿ, ಅಪ್ಪನ ಕಾಲದ ಆಂಪ್ಲಿಫೈಯರಿನಲ್ಲಿ ಹಿಂದೂಸ್ತಾನಿ ಆಲಾಪ. ಗಾಯಕರು ತಾರ ಷಡ್ಜ ಮುಟ್ಟುವುದಕ್ಕೂ ನನ್ನ ಹೆಬ್ಬೆರಳು ವಾಟ್ಸಾಪಿಗೆ ತಾಗುವುದಕ್ಕೂ ಸರಿಹೋಯಿತು. "ಶಿವಮೊಗ್ಗ ಅಡಿಕೆ ಮಾರುಕಟ್ಟೆ, ರಾಶಿ ಸ್ವಲ್ಪ ಏರಿದೆ, ಬೆಟ್ಟೆ ಹಾಗೇ ಇದೆ, ಗೊರಬಲು ಕೇಳೋರಿಲ್ಲ" ಅಂತ ಎರಡೂ ಸ್ಪೀಕರು ಗುಡುಗಿದವು. ಅಷ್ಟು ಹೊತ್ತು ಕಣ್ಣು ಮುಚ್ಚಿ ತೂಗುತ್ತಿದ್ದ ನೆಂಟರು ನೆಟ್ಟಗೆ ಕೂತು, "ಸ್ವಲ್ಪ ಜೋರು ಮಾಡಿ" ಅಂದರು.

ಆಂಪ್ಲಿಫೈಯರಿನ ಹಿಂದೆ ನಾನು ಸಿಕ್ಕಿಸಿದ 300 ರೂಪಾಯಿಯ ಬ್ಲೂಟೂತ್ ತುಂಡಿನ ಹಣೆಬರಹ ಇದು. ಫೋನಿನಲ್ಲಿ ಏನು ಸದ್ದಾದರೂ ಊರಿಗೆಲ್ಲ ಕೇಳಬೇಕು. ಫೋನ್ ಕಿಸೆಯಲ್ಲಿಟ್ಟುಕೊಂಡು ಕೊಟ್ಟಿಗೆ ಕಡೆ ಹೋದರೆ ಹಾಡು ಕಟ್. ನೆಟ್‌ವರ್ಕ್ ಪ್ಲೇಯರ್ ಆದರೆ ವೈಫೈನಿಂದ ಹಾಡನ್ನು ತಾನೇ ಎಳೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟು. ಹತ್ತು ಸಾವಿರದೊಳಗೆ ಒಂದು ತರೋಣ ಅಂತ ತೀರ್ಮಾನಿಸಿದೆ. ಅಲ್ಲಿಗೆ ಸುಮ್ನೆ ಇದ್ದಿದ್ದರೆ ಆಗಿತ್ತು. ಬೆಂಗಳೂರಿನ ಭಾವಮೈದನಿಗೆ ಫೋನ್ ಮಾಡಿದೆ.

ಇವನು ಒಮ್ಮೆ ಗಾಂಧಿ ಬಜಾರಿಗೆ ಕೊಡೆ ತರಲು ಹೋಗಿ, ಇನ್ನೊಂದಿನ್ನೂರು ಹಾಕಿದ್ರೆ, ಇನ್ನೊಂದಿನ್ನೂರು ಹಾಕಿದ್ರೆ ಅಂತ ಅಂಗಡಿ ಅಂಗಡಿ ಹತ್ತಿ, ಕೊನೆಗೆ ಸೂಟ್‌ಕೇಸ್ ತಂದವನು. ಅದನ್ನೇ ತಲೆ ಮೇಲೆ ಹಿಡಿದುಕೊಂಡು ಮಳೆಯಲ್ಲಿ ಬಂದ.

ಸೋಮವಾರ ಹೇಳಿದ: "ಹತ್ತು ಸಾವಿರದ್ದು ಚೆನ್ನಾಗಿದೆ ಭಾವ, ಆದ್ರೆ ಇನ್ನೊಂದೆರಡು ಸಾವಿರ ಹಾಕಿದ್ರೆ ಒಳಗಿನ ಡ್ಯಾಕ್ ಒಳ್ಳೇದು ಬರುತ್ತೆ." ಡ್ಯಾಕ್ ಅಂದರೆ ಅಂಕಿಗಳ ರೂಪದ ಹಾಡನ್ನು ಆಂಪ್ಲಿಫೈಯರಿಗೆ ಅರ್ಥವಾಗುವ ಹಾಗೆ ಬದಲಿಸುವ ಭಾಗ. ಆಯ್ತು ಅಂದೆ. ಮಂಗಳವಾರ ಇನ್ನೊಂದೆರಡು ಸಾವಿರಕ್ಕೆ ಹಾಡನ್ನು ಬೆಳಕಾಗಿ ಹೊರಗೆ ಕಳಿಸುವ ಆಪ್ಟಿಕಲ್ ಔಟ್. ಬುಧವಾರ ಹಾಡಿನ ಚಿತ್ರ ತೋರಿಸುವ ಪರದೆ. ಗುರುವಾರ 192 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದಿಟ್ಟ ಹಾಡು. "ಅಲ್ಲ ಮಾರಾಯ, ಮನುಷ್ಯನ ಕಿವಿಗೆ 20 ಕಿಲೋಹರ್ಟ್ಸ್ ಮೇಲೆ ಕೇಳೋದೇ ಇಲ್ಲ, ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಅಳೆದ್ರೆ ಸಾಕು ಅಂತ ತಾನೇ ಸಿಡಿಯವರು 44.1ಕ್ಕೇ ಕೈ ತೊಳೆದುಕೊಂಡಿದ್ದು? ನನಗೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತಲೇ ಗೊತ್ತಾಗಲ್ಲ. ಯಾರಿಗೋಸ್ಕರ ತರಲಿ, ಅಟ್ಟದ ಬಾವಲಿಗಳಿಗಾ?" ಅವನು ಗಂಭೀರವಾಗಿ, "ಫೀಲ್ ಬೇರೆ ಇರುತ್ತೆ ಭಾವ" ಅಂದ.

ಲೆಕ್ಕ ಹತ್ತಿರ ಹತ್ತಿರ ಇಪ್ಪತ್ತು ಸಾವಿರಕ್ಕೆ ಬಂದ ಮೇಲೆ ನಾನೇ ಅಗ್ಗದ ದಾರಿ ಹುಡುಕಿದೆ. ರಾಸ್ಪ್‌ಬೆರಿ ಪೈ ಅಂತ ಅಂಗೈಯಷ್ಟು ಕಂಪ್ಯೂಟರ್ ಇದೆ, ಮೇಲೊಂದು ಡ್ಯಾಕ್ ಬೋರ್ಡ್ ಕೂರಿಸಿ, ಪುಕ್ಕಟೆ ಸಿಗುವ ಮೂಡ್ ಆಡಿಯೋ ಅನ್ನೋ ಸಾಫ್ಟ್‌ವೇರ್ ಹಾಕಿದರೆ ಅದೇ ಪ್ಲೇಯರ್. ಅಮ್ಮನಿಗೂ ಹೇಳಿದೆ. "ಯಾವ ಪೈ? ತೀರ್ಥಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ರಲ್ಲ, ಅವರ ಪೈಕಿಯಾ?" ಅಂದಳು. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗುತ್ತದೆ, ಹಾಗೆ ಹೋದಾಗೆಲ್ಲ ಈ ಪೈಗಳ ಮೆಮೊರಿ ಕಾರ್ಡ್ ಕೆಡುವ ಭಯ ಅಂತ ಓದಿ ಅದನ್ನೂ ಬಿಟ್ಟೆ.

ಇಷ್ಟಕ್ಕೂ ರೂಟರ್ ಇರುವುದು ಜಗಲಿಯಲ್ಲಿ, ಆಂಪ್ಲಿಫೈಯರ್ ನಡುಮನೆಯಲ್ಲಿ. ಮಧ್ಯೆ ಅಜ್ಜ ಕಟ್ಟಿಸಿದ ಒಂದೂವರೆ ಅಡಿ ಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ, 2.4 ಹೇಗೋ ನುಸುಳುತ್ತದೆ.

ನಿನ್ನೆ ರಾತ್ರಿ ಅಮ್ಮ ಕೇಳಿದಳು: "ಅದರಲ್ಲಿ ಎಲ್ಲಾ ಹಾಡೂ ಸಿಗುತ್ತಾ?" ಕೋಟಿಗಟ್ಟಲೆ ಅಂದೆ. "ನಿಮ್ಮಪ್ಪ ನಮ್ಮ ಜಗಲಿ ತಾಳಮದ್ದಳೆ ರೆಕಾರ್ಡ್ ಮಾಡಿದ್ದು?" ಆ ಕ್ಯಾಸೆಟ್ಟಿನಲ್ಲಿ ಭಾಗವತರಿಗಿಂತ ಹೆಂಚಿನ ಮೇಲಿನ ಮಳೆಯೇ ಜಾಸ್ತಿ. ನಡುವೆ ಒಂದು ಕಡೆ ಅಪ್ಪ ಕೆಮ್ಮಿ, "ಕಾಫಿ ಆಯ್ತೇನೆ?" ಅಂತ ಕೇಳುತ್ತಾರೆ.

ಭಾವಮೈದನಿಗೆ ಮತ್ತೆ ಫೋನ್ ಮಾಡಿದೆ. ಕ್ಯಾಸೆಟ್ ಡೆಕ್ ಸಿಕ್ಕಿಸುವುದಕ್ಕೆ ಲೈನ್ ಇನ್, ಅಂದರೆ ಹೊರಗಿನ ಸದ್ದು ಒಳಬಿಡುವ ತೂತು ಬೇಕು, ಮೊದಲು ಹೇಳಿದ ಹತ್ತು ಸಾವಿರದ್ದರಲ್ಲಿ ಇದೆಯಾ ಅಂತ ಕೇಳಿದೆ. "ಇದೆ" ಅಂದ. "ಆದ್ರೆ..." ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟೆ.

ಈಗ ಮತ್ತೆ ರಿಂಗಾಗುತ್ತಿದೆ. ಎರಡೂ ಸ್ಪೀಕರಿನಲ್ಲಿ.