ಇಪ್ಪತ್ತೇಳಕ್ಕೇ ಷಷ್ಟ್ಯಬ್ದಿ

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಲೀಗಾದ ಎನ್‌ಎಫ್‌ಎಲ್‌ನಲ್ಲಿ ರನ್ನಿಂಗ್ ಬ್ಯಾಕ್ ಎಂಬ ಹುದ್ದೆಯೊಂದಿದೆ. ಕೆಲಸ ಸರಳ. ಕ್ವಾರ್ಟರ್‌ಬ್ಯಾಕ್ ಎಂಬ ಯಜಮಾನ ಚೆಂಡನ್ನು ಇವನ ಹೊಟ್ಟೆಗೆ ಒತ್ತಿ ಪಕ್ಕಕ್ಕೆ ಸರಿಯುತ್ತಾನೆ. ಇವನು ತಲೆ ತಗ್ಗಿಸಿಕೊಂಡು, ತನ್ನನ್ನು ಕೆಡವುವುದಕ್ಕೆಂದೇ ಸಂಬಳ ಪಡೆಯುವ ನೂರಿಪ್ಪತ್ತು, ನೂರೈವತ್ತು ಕಿಲೋ ಆಸಾಮಿಗಳ ನಡುವೆ ನುಗ್ಗಬೇಕು. ನಾಲ್ಕು ಯಾರ್ಡ್ ದಕ್ಕಿದರೆ ಪುಣ್ಯ. ಮೈ ಕೊಡವಿಕೊಂಡು ಎದ್ದು ಮತ್ತೆ ನುಗ್ಗಬೇಕು. ವಯಸ್ಸು ಇಪ್ಪತ್ತೇಳಾಯಿತೋ, ಲೀಗಿನ ಪಂಡಿತರು ಷಷ್ಟ್ಯಬ್ದಿಗೆ ಮುಹೂರ್ತ ನೋಡಲು ಕೂರುತ್ತಾರೆ.

ಹಾಗಾದರೆ ದುಡಿಯುವ ವಯಸ್ಸು ಯಾವುದು? ಸೇಕ್ವಾನ್ ಬಾರ್ಕ್ಲಿಯನ್ನೇ ನೋಡಿ. ಹೈಸ್ಕೂಲು ಮುಗಿದು ಮೂರು ವರ್ಷವಾಗುವ ತನಕ ಲೀಗಿನ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಅವನು ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕಾಗಿ ಓಡಿದ. ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನ, ಕೋಚ್‌ಗೆ ಮಿಲಿಯನ್‌ಗಟ್ಟಲೆ ಡಾಲರ್ ಸಂಬಳ, ಓಡಿದವನಿಗೆ ವಿದ್ಯಾರ್ಥಿವೇತನ. ವಿದ್ಯೆಗಿಂತ ದೊಡ್ಡ ಧನ ಯಾವುದಿದೆ!

2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಅವನನ್ನು ಡ್ರಾಫ್ಟಿನ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಸಂತೆಯ, ಎರಡನೆಯ ಆಯ್ಕೆಯಾಗಿ ಎತ್ತಿಕೊಂಡಿತು. ಮೊದಲ ವರ್ಷವೇ ಓಟ, ಕ್ಯಾಚು ಎರಡೂ ಸೇರಿ 2,028 ಯಾರ್ಡ್. ಸಂಬಳ ಏರಿಸಿ ಎಂದು ಕೇಳುವಂತಿಲ್ಲ. ಮೂರು ಋತು ಮುಗಿಯುವ ಮೊದಲು ಹೊಸ ಒಪ್ಪಂದದ ಮಾತೆತ್ತಕೂಡದೆಂಬುದು ನಿಯಮ. ಮೂರನೆಯ ಋತುವಿನ ಎರಡನೆಯ ಪಂದ್ಯದಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಮಾತೆತ್ತುವ ಹಕ್ಕು ಬಂದಾಗ ಮುಂದಿಡಲು ಗಟ್ಟಿ ಕಾಲೇ ಇರಲಿಲ್ಲ.

ಆದರೂ ಹುಡುಗ ಚೇತರಿಸಿಕೊಂಡು 2022ರಲ್ಲಿ 1,312 ಯಾರ್ಡ್ ಓಡಿದ. ಬಹುಮಾನ 2023ರ ಮಾರ್ಚ್ 7ರಂದು ಬಂತು. ಆ ದಿನ ಜೈಂಟ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 160 ಮಿಲಿಯನ್ ಡಾಲರಿನ ಒಪ್ಪಂದ ಕೊಟ್ಟಿತು. ಅದೇ ದಿನ ಬಾರ್ಕ್ಲಿಯ ಕೊರಳಿಗೆ ಬಿದ್ದದ್ದು ಫ್ರಾಂಚೈಸ್ ಟ್ಯಾಗ್: ಒಂದು ವರ್ಷ, 10.1 ಮಿಲಿಯನ್. ಒಪ್ಪಂದ ಮುಗಿದ ಆಟಗಾರ ಆಚೆ ಹೋಗದಂತೆ ವರ್ಷದ ಮಟ್ಟಿಗೆ ಕಟ್ಟಿಹಾಕುವ ಹಗ್ಗವಿದು. ಹತ್ತು ಮಿಲಿಯನ್ ಡಾಲರ್ ಎಣಿಸುವವನಿಗಾಗಿ ಕಣ್ಣೀರು ಸುರಿಸುವಷ್ಟು ಮೆದು ಮನಸ್ಸು ನನಗೂ ಇಲ್ಲ. ಆದರೆ ಲೆಕ್ಕದ ಸೊಗಸನ್ನು ಮೆಚ್ಚದೆ ಇರುವುದು ಹೇಗೆ? ಟ್ಯಾಗಿನ ಮೊತ್ತಕ್ಕೆ ಆಧಾರ ಆಯಾ ಸ್ಥಾನದ ದೊಡ್ಡ ಸಂಬಳಗಳ ಸರಾಸರಿ. ಸ್ಥಾನದವರಿಗೆಲ್ಲ ಕಡಿಮೆ ಕೊಟ್ಟರೆ ಸರಾಸರಿ ಇಳಿಯುತ್ತದೆ, ಸರಾಸರಿ ಇಳಿದರೆ ಎಲ್ಲರಿಗೂ ಇನ್ನಷ್ಟು ಕಡಿಮೆ ಕೊಡಬಹುದು. ಆ ಜುಲೈಯಲ್ಲಿ ಹೆಸರಾಂತ ರನ್ನಿಂಗ್ ಬ್ಯಾಕ್‌ಗಳು ಕೆಲವರು ವಿಡಿಯೋ ಕರೆಯಲ್ಲಿ ಸೇರಿ ಕಷ್ಟಸುಖ ಹೇಳಿಕೊಂಡರು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಆಗಿರುವ ಒಪ್ಪಂದವೋ 2030ರ ಋತುವಿನ ತನಕ ಅಲುಗಾಡುವಂತಿಲ್ಲ. ಸಭೆ ಮುಗಿಯಿತು.

ಮರುವರ್ಷ ಜೈಂಟ್ಸ್ ಹಗ್ಗ ಬಿಚ್ಚಿತು. ಬಾರ್ಕ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ, ಅಂದರೆ ವರ್ಷಕ್ಕೆ ಎರಡು ಸಲ ಎದುರಾಗುವ ಬದ್ಧವೈರಿಯ ಮನೆಗೇ ಹೋದ. ಆ ದಿನಗಳಲ್ಲಿ ಜೈಂಟ್ಸ್ ಕಚೇರಿಯೊಳಗೆ ಟಿವಿ ಕ್ಯಾಮೆರಾ ಇತ್ತು. ಅವನು ಫಿಲಡೆಲ್ಫಿಯಾಗೆ ಹೋದರೆ ತಮಗೆ ನಿದ್ದೆ ಬರುವುದು ಕಷ್ಟ ಎಂದು ಮಾಲೀಕರಾದ ಜಾನ್ ಮಾರಾ ಅವರು ತಮ್ಮ ಜನರಲ್ ಮ್ಯಾನೇಜರ್‌ಗೆ ಹೇಳಿದ್ದು ಅದರಲ್ಲಿ ದಾಖಲಾಗಿದೆ. ಸ್ವಂತ ತಂಡ, ಸ್ವಂತ ಖಜಾನೆ, ಸ್ವಂತ ಮ್ಯಾನೇಜರ್. ನಿದ್ದೆಯೊಂದೇ ಅವರ ಕೈಯಲ್ಲಿರಲಿಲ್ಲ, ಪಾಪ. ಅಕ್ಟೋಬರಿನಲ್ಲಿ ಬಾರ್ಕ್ಲಿ ಅವರದೇ ಅಂಗಳಕ್ಕೆ ಬಂದು ಹದಿನೇಳು ಓಟಗಳಲ್ಲಿ 176 ಯಾರ್ಡ್ ಕೊಂಡೊಯ್ದ. ನವೆಂಬರಿನಲ್ಲಿ ಜೈಂಟ್ಸ್, ಆ 160 ಮಿಲಿಯನ್ನಿನ ಜೋನ್ಸ್‌ನನ್ನೂ ಮನೆಗೆ ಕಳುಹಿಸಿತು.

ಋತು ಮುಗಿದಾಗ ಬಾರ್ಕ್ಲಿಯ ಲೆಕ್ಕದಲ್ಲಿ ಬರೀ ಓಟದಿಂದಲೇ 2,005 ಯಾರ್ಡ್ ಇತ್ತು. ಲೀಗಿನ ಇತಿಹಾಸದಲ್ಲೇ ಒಂದು ಋತುವಿನ ಓಟದಲ್ಲಿ ಎರಡು ಸಾವಿರ ದಾಟಿದ ಒಂಬತ್ತನೆಯವನು. ಅವನ ಇಪ್ಪತ್ತೆಂಟನೆಯ ಹುಟ್ಟುಹಬ್ಬದಂದೇ, 2025ರ ಫೆಬ್ರವರಿ 9ರಂದು, ಈಗಲ್ಸ್ 40-22ರಿಂದ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಪಂಡಿತರ ಮೀಸೆಗೆ ಮಾತ್ರ ಮಣ್ಣಾಗಲಿಲ್ಲ. ಓಡಿದ್ದು ಅವನಲ್ಲ, ಮುಂದೆ ನಿಂತು ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಟ್ಟ ಲೈನ್‌ಮನ್‌ಗಳು ಎಂದರು. ಅದೇ ಮಾತನ್ನು 160 ಮಿಲಿಯನ್ನಿನ ಕ್ವಾರ್ಟರ್‌ಬ್ಯಾಕ್‌ಗೆ ಅನ್ವಯಿಸಿದವರನ್ನು ನಾನು ಕಂಡಿಲ್ಲ.

ಮಾರ್ಚಿನಲ್ಲಿ ಈಗಲ್ಸ್ ಎರಡು ವರ್ಷಕ್ಕೆ 41.2 ಮಿಲಿಯನ್ನಿನ ಹೊಸ ಒಪ್ಪಂದ ಬರೆದುಕೊಟ್ಟಿತು. ವರ್ಷಕ್ಕೆ ಇಪ್ಪತ್ತು ಮಿಲಿಯನ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಇವನೇ. ಶಾಯಿ ಆರುವ ಮೊದಲೇ ಪಂಡಿತರು ಬೆರಳೆಣಿಕೆಗೆ ಕುಳಿತರು: ಒಂದೇ ಋತುವಿನಲ್ಲಿ ನಾನೂರಕ್ಕೂ ಹೆಚ್ಚು ಸಲ ಚೆಂಡು ಹೊತ್ತಿದ್ದಾನೆ, ಇನ್ನೆಷ್ಟು ದಿನ? ಓಡದಿದ್ದರೆ ದಂಡಪಿಂಡ, ಓಡಿದರೆ ಸವೆದ ಸರಕು. ಇದರ ನಡುವೆ ಬಾಲ್ಟಿಮೋರ್ ತಂಡದ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಮೂವತ್ತರ ವಯಸ್ಸಿನಲ್ಲಿ, ಅದೇ 2024ರ ಋತುವಿನಲ್ಲಿ 1,921 ಯಾರ್ಡ್ ಓಡಿಬಿಟ್ಟ. ಅವನ ಷಷ್ಟ್ಯಬ್ದಿಯನ್ನು ಎಂದೋ ಮುಗಿಸಿದ್ದ ಪಂಡಿತರು ವಿಚಲಿತರಾಗಲಿಲ್ಲ. ಅವನನ್ನು ಅಪವಾದಗಳ ಪಟ್ಟಿಗೆ ಸೇರಿಸಿ, ಸಿದ್ಧಾಂತವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.