ದನಕ್ಕೆ ಐದು ಕಾಲಿತ್ತು

ನಮ್ಮೂರಲ್ಲಿ ದೊಡ್ಡ ಚಿತ್ರಕಾರರೊಬ್ಬರು ಹುಟ್ಟಿದ್ದರು ಅನ್ನುವುದು ನಮಗೆ ಗೊತ್ತಾದದ್ದು ಅವರು ತೀರಿಹೋದ ಮೇಲೆ. ಪೇಪರಲ್ಲಿ ಬಂತು. ಕಾಸರಗೋಡಿನ ಯಾವ ಊರು ಅಂತ ಮಾತ್ರ ಕೇಳಬೇಡಿ ಮಾರಾಯ್ರೆ, ನಾನು ಇಲ್ಲೇ ಬದುಕಬೇಕು. ವಾರದೊಳಗೆ ಜನ್ಮಗೃಹ ಸಂರಕ್ಷಣಾ ಸಮಿತಿ ತಯಾರು. ಉಪಾಧ್ಯಕ್ಷರೇ ಐದು ಜನ. ಚಿತ್ರ ಬಿಡಿಸುವವರು ಒಬ್ಬರೂ ಇಲ್ಲ. ಪೈಂಟ್ ಅಂಗಡಿಯವರು ಇದ್ದಾರೆ, ಖಜಾಂಚಿ.

ಮೊದಲ ಸಭೆಯಲ್ಲೇ ಅಧ್ಯಕ್ಷರು ರಾಜಾ ರವಿವರ್ಮರನ್ನು ಎಳೆದು ತಂದರು. 1848ರಲ್ಲಿ ಅವರು ಹುಟ್ಟಿದ ಕಿಳಿಮಾನೂರು ಅರಮನೆ ಇದೇ ಕೇರಳದ ಆ ತುದಿಯಲ್ಲಿದೆ. "ತೆಂಕಣ ತುದಿಗೆ ಅರಮನೆ ಉಂಟು, ಬಡಗಣ ತುದಿಯ ನಮಗೆ ಎಂತ ಉಂಟು?" ಚಪ್ಪಾಳೆಯೋ ಚಪ್ಪಾಳೆ. ಅರಮನೆಯ ಗೋಡೆಯಲ್ಲಿ ಹುಡುಗ ರವಿವರ್ಮ ಇದ್ದಿಲಿನಿಂದ ಗೀಚುತ್ತಿದ್ದರಂತೆ. ಸೋದರಮಾವ ರಾಜರಾಜವರ್ಮ ಬೈಯಲಿಲ್ಲ, ಕೂರಿಸಿ ಚಿತ್ರ ಕಲಿಸಿದರು. ಆ ಮಾವ ನಮ್ಮ ಸಮಿತಿಯಲ್ಲಿದ್ದಿದ್ದರೆ ಮೊದಲು ಕೊಟೇಷನ್ ಕರೆಯುತ್ತಿದ್ದರು.

ನಮ್ಮವರದ್ದೂ ಅದೇ ಅಭ್ಯಾಸ. ಚಾವಡಿಯ ಗೋಡೆಯಲ್ಲಿ, ಚಿಕ್ಕ ಹುಡುಗನ ಕೈ ಎಟಕುವಷ್ಟು ಎತ್ತರದಲ್ಲಿ, ಮಸಿಯಲ್ಲಿ ಬಿಡಿಸಿದ ಒಂದು ಯಕ್ಷಗಾನದ ಕಿರೀಟ, ಬಾಲ ಎತ್ತಿದ ಒಂದು ದನ. ದನಕ್ಕೆ ಐದು ಕಾಲು. ಒಂದು ಸರಿಬರಲಿಲ್ಲ ಅಂತ ಪಕ್ಕದಲ್ಲೇ ಇನ್ನೊಂದು ಎಳೆದದ್ದು. ಅಜ್ಜಿ ವರ್ಷವರ್ಷ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟೇ ಬಳಿಯುತ್ತಿದ್ದರಂತೆ.

ಸಂರಕ್ಷಣೆ ಶುರುವಾದದ್ದು ಆ ಗೋಡೆಯಿಂದಲೇ. "ಮಂತ್ರಿಗಳು ಬರುವಾಗ ಇದೆಂತ ಕೊಳಕು?" ಉಜ್ಜಿದರು, ಪುಟ್ಟಿ ಹಾಕಿದರು, ಮೇಲಿಂದ ಎರಡು ಕೋಟು ಎಮಲ್ಷನ್. ಯಾವ ಅಂಗಡಿಯದ್ದು ಅಂತ ಹೇಳಬೇಕಾ? ಎಲ್ಲ ಒಣಗಿದ ಮೇಲೆ ಯಾರಿಗೋ ದನದ ನೆನಪಾಯಿತು. ಪುಣ್ಯಕ್ಕೆ ಒಬ್ಬರ ಮೊಬೈಲಲ್ಲಿ ಫೋಟೋ ಇತ್ತು. ಫ್ಲೆಕ್ಸ್ ಮಾಡಿಸಿ ಅದೇ ಗೋಡೆಗೆ ಮೊಳೆ ಹೊಡೆದರು. ಫ್ಲೆಕ್ಸಿನ ಹುಡುಗ ಜಾಣ, ಐದನೇ ಕಾಲು ತೆಗೆದು ಸರಿಮಾಡಿ ಕೊಟ್ಟಿದ್ದ. ಪಕ್ಕದಲ್ಲೊಂದು ಬೋರ್ಡು: "ಗೋಡೆಯಲ್ಲಿ ಗೀಚುವುದು ಶಿಕ್ಷಾರ್ಹ." ಮಲಯಾಳದಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಜಾಗ ಉಳಿದಷ್ಟು.

ಅಂಗಳಕ್ಕೆ ಇಂಟರ್‌ಲಾಕ್ ಬಂತು. ಹಲಸಿನ ಮರ ಪಾರ್ಕಿಂಗಿಗೆ ಅಡ್ಡ ಅಂತ ಹೋಯಿತು. ಉದ್ಘಾಟನೆಯ ದಿನ ಮಕ್ಕಳಿಗೆ ಚಿತ್ರ ಸ್ಪರ್ಧೆ, ವಿಷಯ "ನಮ್ಮೂರ ಪರಂಪರೆ". ಮಂತ್ರಿಗಳ ಕಾರು ಬರುವವರೆಗೆ ಮಕ್ಕಳು ಕಾದ ಇಂಟರ್‌ಲಾಕಿನ ಮೇಲೆ. ಮೊದಲ ಬಹುಮಾನ ತಾಜ್ ಮಹಲ್ ಬಿಡಿಸಿದ ಹುಡುಗಿಗೆ.

ರವಿವರ್ಮರ ಚಿತ್ರಗಳನ್ನು 1979ರಲ್ಲಿ ಕೇಂದ್ರ ಸರ್ಕಾರ ಕಲಾನಿಧಿ ಅಂತ ಘೋಷಿಸಿತು. ಅವು ದೇಶ ಬಿಟ್ಟು ಹೋಗುವ ಹಾಗಿಲ್ಲ. ಹಂಚು ಊರು ಬಿಟ್ಟು ಹೋಗಬಾರದು ಅಂತ ಕಾನೂನು ಇಲ್ಲವಲ್ಲ! ಮಾಡಿನ ಮಂಗಳೂರು ಹಂಚು, ಪಕ್ಕಾಸು, ಕೆತ್ತನೆಯ ಬಾಗಿಲು ಎಲ್ಲವನ್ನೂ ಇಳಿಸಿ, "ಶಾಶ್ವತ ಸಂರಕ್ಷಣೆ"ಗೆ ಕಲರ್ ಶೀಟ್ ಹಾಕಿದರು. ಇಳಿಸಿದ ಮಾಲು ಗುಜರಿಗೆ ಹೋಯಿತು, ಅಲ್ಲಿಂದ ಕಡಲ ಬದಿಯ ಒಂದು ರೆಸಾರ್ಟಿಗೆ. ಅಲ್ಲೀಗ ಅದೇ ಬಾಗಿಲು, ಅದೇ ಹಂಚು. ಹೆಸರು ಹೆರಿಟೇಜ್ ಕಾಟೇಜ್.

ಊರಲ್ಲಿ ಇನ್ನೊಬ್ಬ ಚಿತ್ರಕಾರರಿದ್ದಾರೆ, ಬದುಕಿರುವವರು. ಲಾರಿಗೆ ನಂಬರ್ ಬರೆಯುತ್ತಾರೆ, ಕರೆದರೆ ದೇವಸ್ಥಾನದ ಗೋಡೆಗೆ ದಶಾವತಾರ ಬಿಡಿಸುತ್ತಾರೆ. ಮೊನ್ನೆಯ ಮಳೆಗೆ ಅವರ ಮನೆ ಸೋರಿತು. ಇಳಿಸಿದ ಹಂಚು ನಾಲ್ಕು ಸಿಕ್ಕೀತಾ ಅಂತ ಅಧ್ಯಕ್ಷರಲ್ಲಿ ಕೇಳಿದರು.

"ಹಂಚು ಈಗ ರೆಸಾರ್ಟಲ್ಲಿ ಉಂಟು. ನೋಡಬೇಕಿದ್ದರೆ ರೂಮ್ ಬುಕ್ ಮಾಡ್ಬೇಕು," ಅಂದರು ಅಧ್ಯಕ್ಷರು. "ನೀವು ಸುಮ್ನೆ ಬೇಜಾರು ಮಾಡ್ಬೇಡಿ. ನಿಮ್ಮ ಮನೆಯೂ ನಮ್ಮ ಲಿಸ್ಟಲ್ಲಿ ಉಂಟು. ನಿಮ್ಮದೊಂದು ಆಗ್ಲಿ, ಮತ್ತೆ ನೋಡುವಾ."