ಆತ್ಮರಕ್ಷಣೆಯ ತರಗತಿಯಲ್ಲಿ ನಾವು ಕಲಿಸದೆ ಬಿಡುವ ಪಾಠ

ಶಾಲಾ ವಾರ್ಷಿಕೋತ್ಸವಗಳಲ್ಲಿ ಬಹುಮಾನ ವಿತರಣೆಗೆ ಮುನ್ನ ಆತ್ಮರಕ್ಷಣೆಯ ಪ್ರದರ್ಶನವೊಂದು ಇರಲೇಬೇಕು ಎಂಬಂತಾಗಿದೆ. ಬಿಳಿ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ನಿಂತು ಒಂದೇ ಕೂಗಿಗೆ ಒಟ್ಟಿಗೆ ಗುದ್ದುತ್ತಾರೆ, ಒಬ್ಬಳು ಮಂಗಳೂರು ಹೆಂಚುಗಳನ್ನು ಮೊಣಕೈಯಿಂದ ಒಡೆಯುತ್ತಾಳೆ, ಇನ್ನೊಬ್ಬಳು ರಬ್ಬರ್ ಚಾಕು ಹಿಡಿದು ಬಂದ ಗೆಳತಿಯ ಮಣಿಕಟ್ಟು ತಿರುಚಿ ನೆಲಕ್ಕೆ ಕೆಡವುತ್ತಾಳೆ, ಚಪ್ಪಾಳೆ ಬೀಳುತ್ತದೆ. ಕರಾಟೆಯನ್ನೂ ಆಮೇಲೆ ಜೂಡೊವನ್ನೂ ಕಲಿತು, ಬಿಡುವಿದ್ದಾಗ ಹಾಸ್ಟೆಲ್ ಮಕ್ಕಳಿಗೆ ಹೇಳಿಕೊಡುತ್ತಲೂ ಬಂದಿರುವ ನನಗೆ ಇಂಥ ಪ್ರದರ್ಶನಗಳ ಬಗ್ಗೆ ತಾತ್ಸಾರವಿಲ್ಲ. ಮಕ್ಕಳಿಗೆ ಮೈಕೈ ಗಟ್ಟಿಯಾಗುತ್ತದೆ, ನಾಲ್ಕು ಜನರ ಮುಂದೆ ಗಟ್ಟಿ ದನಿಯಲ್ಲಿ ಕೂಗುವ ಸಂಕೋಚ ಹೋಗುತ್ತದೆ, ಅದೇನು ಸಣ್ಣ ಲಾಭವಲ್ಲ. ಆದರೆ ಆ ಗೆಳತಿ ಯಾವ ಕೈಯಲ್ಲಿ ಚಾಕು ಹಿಡಿಯಬೇಕು, ಯಾವ ವೇಗದಲ್ಲಿ ಬರಬೇಕು, ಎಲ್ಲಿ ಬೀಳಬೇಕು ಎಂಬುದನ್ನೆಲ್ಲ ಒಂದು ವಾರ ಅಭ್ಯಾಸ ಮಾಡಿಕೊಂಡೇ ಬಂದಿರುತ್ತಾಳೆ. ನಿಜವಾಗಿ ಮೈಮೇಲೆ ಬರುವವನು ಹಾಗೆ ಹೇಳಿದಂತೆ ಬೀಳುವುದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಅವನು ಕತ್ತಲಲ್ಲಿ ಚಾಕು ಹಿಡಿದು ಎದುರಾಗುವ ಅಪರಿಚಿತನೂ ಆಗಿರುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಇತ್ತೀಚಿನ ವರ್ಷಗಳ ವಾರ್ಷಿಕ ವರದಿಗಳನ್ನು ತೆರೆದು ನೋಡಿ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಮೊದಲೇ ಗೊತ್ತಿದ್ದವನು. ಮನೆಯವನು, ನೆಂಟ, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು. ಹೀಗಿರುವಾಗ ನಮ್ಮ ತರಬೇತಿಯೆಲ್ಲವೂ ಉಳಿದ ಆ ಸಣ್ಣ ಪಾಲಿಗೆ ಮಾತ್ರ ಸಿದ್ಧಗೊಳಿಸುವುದು ಏಕೆ ಎಂಬುದು ನನ್ನ ಬಹುಕಾಲದ ತಕರಾರು. ಬೀದಿಯ ಪುಂಡನಿಗೆ ಹೊಡೆಯಲು ಹೆಣ್ಣುಮಗಳಿಗೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಅಪ್ಪನ ಸ್ನೇಹಿತ ಹೆಗಲ ಮೇಲಿಟ್ಟ ಕೈಯನ್ನು ತೆಗೆಯದೆ ಇದ್ದಾಗ, ಟ್ಯೂಷನ್ ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಾಗ, ಮದುವೆ ಮನೆಯ ಗದ್ದಲದಲ್ಲಿ ಸೋದರಮಾವನ ವರಸೆಯವನು ತಮಾಷೆಯ ನೆಪದಲ್ಲಿ ಮೈಮುಟ್ಟಿದಾಗ ಅವಳಿಗೆ ಗುದ್ದು ಗೊತ್ತಿಲ್ಲದೆ ಸುಮ್ಮನಿರುವುದಲ್ಲ. ದೊಡ್ಡವರಿಗೆ ಎದುರು ಹೇಳಬಾರದು, ನಾಲ್ಕು ಜನರ ಮುಂದೆ ರಂಪ ಮಾಡಬಾರದು, ಎಲ್ಲಿ ತನ್ನದೇ ತಪ್ಪು ತಿಳಿವಳಿಕೆಯೋ ಎಂಬ ಹಿಂಜರಿಕೆ ಅವಳ ಬಾಯಿ ಕಟ್ಟಿರುತ್ತದೆ. ಆ ಹಿಂಜರಿಕೆಯನ್ನು ನಾವೇ ಹತ್ತು ಹದಿನೈದು ವರ್ಷ ಕೂತು ಕಲಿಸಿರುತ್ತೇವೆ. ಅದನ್ನು ಬಿಡಿಸುವುದಕ್ಕೂ ತರಬೇತಿ ಬೇಕು.

ಇದು ನನ್ನೊಬ್ಬನ ಊಹೆಯಲ್ಲ. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಚಾರ್ಲೀನ್ ಸೆನ್ ಮತ್ತು ಅವರ ತಂಡದವರು ಮೂರು ವಿಶ್ವವಿದ್ಯಾಲಯಗಳ 893 ಮಂದಿ ಮೊದಲ ವರ್ಷದ ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಲೈಂಗಿಕ ದೌರ್ಜನ್ಯದ ಬಗೆಗಿನ ಮಾಹಿತಿ ಪತ್ರಗಳನ್ನಷ್ಟೇ ಕೊಟ್ಟು, ಇನ್ನೊಂದಕ್ಕೆ ತಲಾ ಮೂರು ಗಂಟೆಯ ನಾಲ್ಕು ತರಗತಿಗಳನ್ನು ನಡೆಸಿದರು. ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 9.8 ಇದ್ದರೆ ತರಬೇತಿ ಪಡೆದವರಲ್ಲಿ ಶೇ. 5.2 ಇತ್ತು, ಅತ್ಯಾಚಾರದ ಯತ್ನಕ್ಕೆ ಒಳಗಾದವರ ಪ್ರಮಾಣ ಶೇ. 9.3ರಿಂದ ಶೇ. 3.4ಕ್ಕೆ ಇಳಿದಿತ್ತು. ಒಟ್ಟು ಹನ್ನೆರಡೇ ಗಂಟೆ! ಗುದ್ದು, ಒದೆತ, ಹಿಡಿತ ಬಿಡಿಸಿಕೊಳ್ಳುವ ಉಪಾಯಗಳಿಗೆ ಅದರಲ್ಲಿ ಒಂದು ಭಾಗ ಮಾತ್ರ ಮೀಸಲಾಗಿತ್ತು. ಮಿಕ್ಕ ಸಮಯವೆಲ್ಲ ಪರಿಚಿತನ ನಡವಳಿಕೆಯಲ್ಲಿ ಅಪಾಯದ ಸುಳಿವನ್ನು ಬೇಗ ಗುರುತಿಸುವುದಕ್ಕೆ, ಗುರುತಿಸಿದ ಮೇಲೂ ಒಪ್ಪಿಕೊಳ್ಳಲು ಹಿಂಜರಿಯುವ ತನ್ನದೇ ಮನಸ್ಸಿನೊಡನೆ ವ್ಯವಹರಿಸುವುದಕ್ಕೆ, ತನಗೆ ಏನು ಬೇಕು ಏನು ಬೇಡ ಎಂಬುದನ್ನು ಮೊದಲೇ ತನಗೆ ತಾನೇ ಸ್ಪಷ್ಟಪಡಿಸಿಕೊಳ್ಳುವುದಕ್ಕೆ ಸಂದಿತ್ತು. ಕೆನಡಾದ ಕ್ಯಾಂಪಸ್ಸಿನಲ್ಲಿ ಫಲಿಸಿದ್ದು ಹಾವೇರಿಯ ಹಾಸ್ಟೆಲ್ಲಿನಲ್ಲಿ ಇದ್ದಂತೆಯೇ ಫಲಿಸುತ್ತದೆ ಎಂದು ನಾನು ವಾದಿಸುತ್ತಿಲ್ಲ. ಸಮಯವನ್ನು ಯಾವುದಕ್ಕೆ ಎಷ್ಟು ಹಂಚಬೇಕು ಎಂಬ ವಿವೇಕವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಹುದು.

ಹಾಸ್ಟೆಲ್ ಮಕ್ಕಳಿಗೆ ಹೇಳಿಕೊಡುವಾಗ ನಾನು ಮೊದಲ ದಿನ ಕಲಿಸುವುದು ಮೂರು ವಾಕ್ಯಗಳನ್ನು: "ಕೈ ತೆಗೆಯಿರಿ", "ದೂರ ನಿಲ್ಲಿ", "ನಾನು ಹೊರಗೆ ಹೋಗುತ್ತಿದ್ದೇನೆ". ನಗದೆ, ಕ್ಷಮೆ ಕೇಳದೆ, ಕಾರಣ ಕೊಡದೆ, ಎದುರಿಗಿರುವವರ ಮುಖ ನೋಡುತ್ತಾ ಹೇಳಬೇಕು ಎಂಬುದಷ್ಟೇ ನಿಯಮ. ಹೆಂಚು ಒಡೆಯಲು ಮುಂದೆ ಬರುವ ಹುಡುಗಿಯರೇ ಇದಕ್ಕೆ ನಾಚಿಕೊಂಡು ತಲೆ ತಗ್ಗಿಸುತ್ತಾರೆ, ನಕ್ಕುಬಿಡುತ್ತಾರೆ, ವಾಕ್ಯದ ಕೊನೆಗೆ ಒಂದು "ಪ್ಲೀಸ್" ಸೇರಿಸುತ್ತಾರೆ. ಗುದ್ದು ಹೊಡೆಯಲು ಕಲಿತಷ್ಟು ಬೇಗ ಅವರು ಇದನ್ನು ಕಲಿಯುವುದಿಲ್ಲ. ಬಹುವಚನವನ್ನು ಬಿಡಬೇಕಾದ ಅಗತ್ಯವಿಲ್ಲ ಎಂದು ತಿಳಿದಾಗ ಕೆಲವರಿಗೆ ನಿರಾಳವಾಗುತ್ತದೆ. ಮರ್ಯಾದೆ ಕೊಟ್ಟೇ ಖಡಾಖಂಡಿತವಾಗಿ ಬೇಡವೆನ್ನಬಹುದು.

ಇಲ್ಲಿ ಇನ್ನೊಂದು ಮಾತು. ಇಂಥ ತರಗತಿ ಸರಿಯಾಗಿ ನಡೆದರೆ ಯಾವುದಾದರೂ ಮಗು ಒಂದಲ್ಲ ಒಂದು ದಿನ ತರಗತಿ ಮುಗಿದ ಮೇಲೆ ಬಂದು ಏನನ್ನಾದರೂ ಹೇಳುತ್ತದೆ. ಆಗ ತರಬೇತುದಾರರು "ಧೈರ್ಯವಾಗಿರಮ್ಮ" ಎಂದು ಬೆನ್ನು ತಟ್ಟಿ ಕಳಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ತಿಳಿಸದಿರುವುದು ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ಇದೆ. ಇಷ್ಟನ್ನೂ ತಿಳಿಯದವರನ್ನು ಬ್ಲ್ಯಾಕ್ ಬೆಲ್ಟ್ ಒಂದನ್ನೇ ನೋಡಿ ಮಕ್ಕಳ ಮುಂದೆ ನಿಲ್ಲಿಸುವುದು ಸರಿಯಲ್ಲ.

ಇನ್ನು ದೇಹದ ವಿಷಯ. ಅಪಾಯ ಎದುರಾದಾಗ ಹೋರಾಡುತ್ತೇವೆ ಅಥವಾ ಓಡುತ್ತೇವೆ ಎಂದು ಎಲ್ಲರೂ ಭಾವಿಸಿರುತ್ತಾರೆ. ಮರಗಟ್ಟಿ ನಿಲ್ಲುವ ಮೂರನೆಯ ಸಾಧ್ಯತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾಲಯವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರನ್ನು ಕುರಿತ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 70 ಮಂದಿ ಆ ಹೊತ್ತಿನಲ್ಲಿ ಗಣನೀಯ ಪ್ರಮಾಣದಲ್ಲಿ ಕೈಕಾಲು ಆಡದಂತಾಗಿದ್ದನ್ನು ಹೇಳಿಕೊಂಡಿದ್ದರು. "ಕಿರುಚಬಹುದಿತ್ತಲ್ಲ" ಎಂದು ಕೇಳುವ ಠಾಣೆಯವರೂ ವಕೀಲರೂ ನೆಂಟರಿಷ್ಟರೂ ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಮರಗಟ್ಟುವುದು ಹೇಡಿತನವೂ ಅಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ಅಡ್ರಿನಲಿನ್ ಏರಿದಾಗ ದೃಷ್ಟಿ ಕಿರಿದಾಗುತ್ತದೆ, ಸುತ್ತಲಿನ ಶಬ್ದ ಕೇಳಿಸದೆ ಹೋಗಬಹುದು, ಬೆರಳುಗಳು ನಡುಗಿ ಫೋನಿನ ಲಾಕ್ ತೆಗೆಯುವುದೇ ಕಷ್ಟವಾಗುತ್ತದೆ. ಆ ಸ್ಥಿತಿಯಲ್ಲಿ ಎದುರಾಳಿಯ ಹೆಬ್ಬೆರಳನ್ನು ಹುಡುಕಿ, ಇಂಥ ಕೋನದಲ್ಲಿ ತಿರುಚಿ, ಆಮೇಲೆ ಹೆಜ್ಜೆ ಬದಲಿಸುವ ಐದು ಹಂತದ ಉಪಾಯ ನೆನಪಿಗೆ ಬರುವುದಿಲ್ಲ. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹಿಕ್ 1952ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಆದ್ದರಿಂದ ನಲವತ್ತು ಪಟ್ಟುಗಳ ಪಟ್ಟಿಗಿಂತ ಅಂಗೈ ಬುಡದಿಂದ ಮೂಗಿಗೆ ಹೊಡೆತ, ಮೊಣಕೈ, ಮೊಣಕಾಲು, ಕತ್ತು ಹಿಡಿದವನಿಂದ ಬಿಡಿಸಿಕೊಳ್ಳುವುದು, ನೆಲಕ್ಕೆ ಬಿದ್ದರೆ ಏಳುವುದು, ಎದ್ದು ಓಡುವುದು ಇಷ್ಟೇ ಸಾಕು. ಓಟವನ್ನು ಯಾರೂ ಅಭ್ಯಾಸ ಮಾಡಿಸುವುದಿಲ್ಲ ಎಂಬುದು ನನಗೆ ಸದಾ ವಿಚಿತ್ರವಾಗಿ ಕಾಣುತ್ತದೆ.

ಈ ಸ್ವಲ್ಪವನ್ನು ಹೇಗೆ ಅಭ್ಯಾಸ ಮಾಡಬೇಕು ಎಂಬುದಕ್ಕೆ ಉತ್ತರ ಹೊಸದಲ್ಲ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ಸ್ಥಾಪಿಸಿದ ಕಾನೊ ಜಿಗೊರೊ, ಹಳೆಯ ಜುಜುತ್ಸುವಿನ ತೀರ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಕಣ್ಣಿಗೆ ಚುಚ್ಚುವ ವಿದ್ಯೆಯನ್ನು ಗೆಳೆಯನ ಮೇಲೆ ಪೂರ್ಣ ಬಲದಿಂದ ಅಭ್ಯಾಸ ಮಾಡಲು ಬರುವುದಿಲ್ಲ, ಎಸೆಯುವ ವಿದ್ಯೆಯನ್ನು ಮಾಡಬಹುದು. ಹಾಗಾಗಿ ನೋಡಲು ಸೌಮ್ಯವಾದ ಪಟ್ಟುಗಳನ್ನೇ ದಿನವೂ ನಿಜವಾಗಿ ವಿರೋಧಿಸುವ ಎದುರಾಳಿಯ ಮೇಲೆ ಪ್ರಯೋಗಿಸುತ್ತಾ ಬಂದವರು, ಮಾರಕ ವಿದ್ಯೆಯನ್ನು ಗಾಳಿಯಲ್ಲಿ ಮಾತ್ರ ಆಡಿದವರಿಗಿಂತ ಹೆಚ್ಚು ನುರಿತವರಾದರು. ನಮ್ಮ ಗರಡಿಮನೆಗಳು ನಡೆದು ಬಂದಿರುವುದೂ ಹೀಗೆಯೇ. ಮೈಸೂರಿನ ಹಳೆಯ ಗರಡಿಗಳಲ್ಲಿ ಪಟ್ಟು ತೋರಿಸಿಕೊಟ್ಟ ಉಸ್ತಾದರು ಮರುಕ್ಷಣವೇ ಜೋಡಿಯನ್ನು ಕುಸ್ತಿಯ ಮಣ್ಣಿನ ಕಣಕ್ಕೆ ಇಳಿಸುತ್ತಾರೆ. ಎದುರಿನವನು ಬಿಟ್ಟುಕೊಡುವುದಿಲ್ಲ, ಜಾರಿಸುತ್ತಾನೆ, ಪಟ್ಟಿಗೆ ಮರುಪಟ್ಟು ಹಾಕುತ್ತಾನೆ. ಪಟ್ಟು ತನಗೆ ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಶಾಲೆಗಳ ತರಬೇತಿಯಲ್ಲಿ ಈ ವಿರೋಧವೇ ಇಲ್ಲ. ಮ್ಯಾಟ್ ಹಾಸಿ, ದಪ್ಪ ಪ್ಯಾಡ್ ತೊಟ್ಟ ಹಿರಿಯರೊಬ್ಬರು ನಿಜವಾಗಿ ತಳ್ಳಿ, ಎಳೆದು, ಬೈದು, ಬಿಡದೆ ಹಿಡಿದುಕೊಂಡಾಗ ಹುಡುಗಿ ತನ್ನ ಏದುಸಿರು ಮತ್ತು ನಡುಕದ ನಡುವೆಯೇ ಬಿಡಿಸಿಕೊಂಡು ಬಾಗಿಲವರೆಗೆ ಓಡಬೇಕು. ಇದು ಖರ್ಚಿನ ಕೆಲಸ, ಎಚ್ಚರ ಬೇಡುವ ಕೆಲಸ, ವೇದಿಕೆಯ ಮೇಲೆ ಚೆಂದವಾಗಿ ಕಾಣುವ ಕೆಲಸವಂತೂ ಅಲ್ಲ.

ಚಾಕುವಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1983ರಲ್ಲಿ ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ ಬರೆದಂತೆ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸುತ್ತಾನೆ. ದಾರಿ ಇದ್ದರೆ ಓಡಬೇಕು, ಕೇಳಿದ್ದು ಪರ್ಸೋ ಫೋನೋ ಆದರೆ ಕೊಟ್ಟುಬಿಡಬೇಕು. ಸರಗಳ್ಳರ ವಿಷಯದಲ್ಲೂ ಹಾಗೆಯೇ: ಬೈಕಿನ ಹಿಂದೆ ಕೂತವನು ಎಳೆದ ಸರಕ್ಕಾಗಿ ಜಗ್ಗಾಡಿ ರಸ್ತೆಗೆ ತಲೆ ಬಡಿಸಿಕೊಳ್ಳುವಷ್ಟು ಬೆಲೆಯ ಚಿನ್ನ ಯಾವುದೂ ಇಲ್ಲ.

ಗಂಡಸರ ಆತ್ಮರಕ್ಷಣೆಯ ಕಥೆಯೇ ಬೇರೆ. ನಮ್ಮಲ್ಲಿ ಗಂಡಸರು ಪೆಟ್ಟು ತಿನ್ನುವ ಎಷ್ಟೋ ಜಗಳಗಳು ಬೈಕು ಕಾರಿಗೆ ತಗುಲಿದ್ದಕ್ಕೆ, ಹಾರನ್ ಹೊಡೆದದ್ದಕ್ಕೆ, ಬಾರಿನಲ್ಲಿ ಗುರಾಯಿಸಿದ್ದಕ್ಕೆ ಶುರುವಾಗುತ್ತವೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಕಾರಿನಿಂದ ಇಳಿದು ಹೋಗಿ ಎದುರಿನವನ ಕಿಟಕಿ ಬಡಿಯುವವನು ತಾನು ರಕ್ಷಿಸಿಕೊಳ್ಳುತ್ತಿದ್ದೇನೆ ಎಂದೇ ನಂಬಿರುತ್ತಾನೆ. ಅವನು ರಕ್ಷಿಸಿಕೊಳ್ಳುತ್ತಿರುವುದು ಜಂಬವನ್ನು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದವರು ಪುಕ್ಕಲರಾಗಿರಲಿಲ್ಲ. ಗಾಜು ಏರಿಸಿಕೊಂಡು, ಬಾಗಿಲು ಲಾಕ್ ಮಾಡಿಕೊಂಡು, "ನನ್ನದೇ ತಪ್ಪು ಗುರು" ಎಂದು ಕೈಯೆತ್ತಿ, ಅವನು ಬಿಡದಿದ್ದರೆ 112ಕ್ಕೆ ಕರೆ ಮಾಡಿ ಜನರಿರುವ ಕಡೆಗೆ ಗಾಡಿ ಓಡಿಸುವುದು ಯಾವ ಬ್ಲ್ಯಾಕ್ ಬೆಲ್ಟಿಗೂ ಕಡಿಮೆಯಾದ ವಿದ್ಯೆಯಲ್ಲ. ವರ್ಷಗಟ್ಟಲೆ ಕಲಿತವರಲ್ಲೂ ಇದು ಬಾರದವರನ್ನು ನಾನು ಕಂಡಿದ್ದೇನೆ. ಕೈಯಲ್ಲಿ ವಿದ್ಯೆ ಇದೆ ಎಂಬ ಭರವಸೆಯೇ ಅವರನ್ನು ಕಾರಿನಿಂದ ಕೆಳಗಿಳಿಸುತ್ತದೆ.

ಕಾನೂನೂ ಈ ವ್ಯತ್ಯಾಸವನ್ನು ಗುರುತಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಹಳೆಯ ದಂಡ ಸಂಹಿತೆಯ 96ರಿಂದ 106ರ ಸ್ಥಾನದಲ್ಲಿ ಬಂದಿದ್ದು, ತನ್ನ ಮೈಯನ್ನು ಮಾತ್ರವಲ್ಲ, ಬೇರೆಯವರ ಮೈಯನ್ನು ರಕ್ಷಿಸುವ ಹಕ್ಕನ್ನೂ ಕೊಡುತ್ತವೆ. ಪೆಟ್ಟು ಬೀಳುವವರೆಗೆ ಕಾಯಬೇಕಾಗಿಲ್ಲ, ಅಪಾಯದ ಸಕಾರಣ ಭಯ ಹುಟ್ಟಿದೊಡನೆ ಹಕ್ಕು ಹುಟ್ಟುತ್ತದೆ, ಆ ಭಯ ಇರುವವರೆಗೂ ಉಳಿಯುತ್ತದೆ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಅದು ದಾಳಿಕೋರನ ಪ್ರಾಣ ಹೋಗುವವರೆಗೂ ಹೋಗಬಹುದು. ಪ್ರಾಣಭಯದಲ್ಲಿರುವವರು ಪ್ರತಿ ಏಟನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯಬೇಕೆಂದು ನಿರೀಕ್ಷಿಸಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ತಳೆಯಿತು. ಆದರೆ 37ನೆಯ ಸೆಕ್ಷನ್ ಗೆರೆಯನ್ನೂ ಎಳೆದಿದೆ: ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಬಿದ್ದವನಿಗೆ ಕೊಡುವ ಕೊನೆಯ ಒದೆತಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಜಗಳವೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರ ಮೇಲಿನ ಪ್ರಕರಣವನ್ನು ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ನಿರಾಕರಿಸಿದಾಗ, ಪ್ರಾಣಕ್ಕೆ ತಕ್ಷಣದ ಅಪಾಯ ಮೇಲ್ನೋಟಕ್ಕೆ ಕಾಣಲಿಲ್ಲ ಎಂಬುದು ಮುಖ್ಯ ಕಾರಣವಾಗಿತ್ತು. ಚೀಲದಲ್ಲಿ ಸ್ಪ್ರೇ ಇಟ್ಟುಕೊಳ್ಳಿ ಎಂದು ಹೇಳುವ ತರಬೇತುದಾರರು ಇದನ್ನೂ ಸೇರಿಸಿ ಹೇಳಬೇಕು.

ಹೆಣ್ಣುಮಕ್ಕಳಿಗೇ ಏಕೆ ಕಲಿಸಬೇಕು, ಗಂಡುಮಕ್ಕಳಿಗೆ ಬುದ್ಧಿ ಹೇಳಬಾರದೇ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಬರಲೇಬೇಕು. ತಪ್ಪು ಮಾಡಿದವನದೇ ಪೂರ್ತಿ ಹೊಣೆ. ತರಬೇತಿ ಪಡೆದೂ ತಪ್ಪಿಸಿಕೊಳ್ಳಲಾಗದವಳನ್ನು "ಕಲಿತದ್ದು ಏನಾಯಿತು" ಎಂದು ಕೇಳುವವರು ಆತ್ಮರಕ್ಷಣೆಯ ತರಗತಿಯ ಹತ್ತಿರಕ್ಕೂ ಬರಬಾರದು. ಆದರೆ ಗಂಡಸರು ಬದಲಾಗುವವರೆಗೆ ಈ ವರ್ಷ ಏಳನೆಯ ತರಗತಿಯಲ್ಲಿರುವ ಹುಡುಗಿ ಕಾಯುತ್ತಾ ಕೂರಲಾಗದು. ಎರಡೂ ಕೆಲಸ ಒಟ್ಟಿಗೆ ನಡೆಯಬೇಕು.

ಸಮಗ್ರ ಶಿಕ್ಷಾ ಅಡಿಯಲ್ಲಿ ಆರರಿಂದ ಹನ್ನೆರಡನೆಯ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿಗೆ ಅನುದಾನ ಬರುತ್ತದೆ. ಓಬವ್ವನ ಹೆಸರಿನಲ್ಲಿ ನಮ್ಮ ರಾಜ್ಯದ ವಸತಿಶಾಲೆಗಳಲ್ಲೂ ತರಬೇತಿ ನಡೆಯುತ್ತದೆ. ಅಂದರೆ ಹಣವೂ ಇದೆ, ಸಮಯವೂ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ತಂದೆತಾಯಂದಿರು ಈ ಸಲ ಪ್ರದರ್ಶನದ ದಿನಾಂಕವನ್ನು ಕೇಳುವ ಬದಲು ಪಾಠಪಟ್ಟಿಯನ್ನು ಕೇಳಿ. ಪರಿಚಿತರ ಬಗ್ಗೆ ಎಷ್ಟು ಗಂಟೆ ಮಾತಾಡುತ್ತೀರಿ, ಮಕ್ಕಳು ವಿರೋಧಿಸುವ ಎದುರಾಳಿಯ ಜೊತೆ ಅಭ್ಯಾಸ ಮಾಡುತ್ತಾರೆಯೇ, ಮಗು ಬಂದು ಏನಾದರೂ ಹೇಳಿದರೆ ನೀವು ಯಾರಿಗೆ ತಿಳಿಸುತ್ತೀರಿ, ತರಗತಿಯಲ್ಲಿ ಮಹಿಳಾ ಶಿಕ್ಷಕಿಯೊಬ್ಬರು ಇರುತ್ತಾರೆಯೇ ಎಂದು ಕೇಳಿ. ಮನೆಯಲ್ಲಿ ಮಗಳು "ನಾನು ಆ ಅಂಕಲ್ ಜೊತೆ ಬೈಕಿನಲ್ಲಿ ಹೋಗುವುದಿಲ್ಲ" ಎಂದಾಗ ಕಾರಣ ಹೇಳೆಂದು ಪೀಡಿಸದೆ ಒಪ್ಪಿಕೊಳ್ಳಲು ನೀವು ತಯಾರಿದ್ದೀರಾ ಎಂದು ಒಳ್ಳೆಯ ತರಬೇತುದಾರರು ನಿಮ್ಮನ್ನೂ ತಿರುಗಿ ಕೇಳಬಹುದು. ಅದಕ್ಕೂ ಉತ್ತರ ಯೋಚಿಸಿಕೊಂಡು ಹೋಗಿ.